ಒಂದು ಬಿಟ್ಟು ಎಲ್ಲಾ ಆರ್

ಅಬೇದಾಳ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆ. ಅದು ಹುಟ್ಟಿನಿಂದ ಬಂದದ್ದಲ್ಲ, ಇಳಕಲ್ಲಿನಿಂದ ಬಂದದ್ದು. ಒಂಬತ್ತನೇ ವಯಸ್ಸಿಗೆ ತಾಯಿ ಗುಲಾಬಬಿ ಅವಳನ್ನು ಮಗ್ಗದ ಮನೆಯಲ್ಲಿ ಕೂರಿಸಿದ್ದಳು. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸುವ ಕೆಲಸ. ಬೆರಳಿಗೆ ಬೂದಿ ಮುಟ್ಟಿಸಿಕೊಳ್ಳುವುದು, ಒಂದೆಳೆ ಹಿಡಿಯುವುದು, ಇನ್ನೊಂದೆಳೆ ಸೇರಿಸಿ ತಿರುವುವುದು. ಮತ್ತೆ ಮುಂದಿನ ಎಳೆ. ಸಾವಿರಾರು ತಿರುವು ಆದ ಮೇಲೆ ಒಂದು ಸೀರೆಗೆ ಸೆರಗು ಕೂಡುತ್ತದೆ. ಉಟ್ಟವರಿಗೆ ಆ ಕೊಂಡಿ ಕಾಣುವುದೂ ಇಲ್ಲ.

ಒಂದು ಸಲ ಹಸಿ ಬಣ್ಣದ ಕೆಂಪು ಎಳೆ ಮುಟ್ಟಿ, ಗಮನಿಸದೆ ಬಿಳಿ ಎಳೆಗಳನ್ನು ಕೂಡಿಸುತ್ತ ಹೋಗಿದ್ದಳು. ನಲವತ್ತು ಎಳೆ ದಾಟಿದ ಮೇಲೆ ತಾಯಿ ನೋಡಿದಳು. ಬಿಳಿ ಎಳೆಗಳೆಲ್ಲ ಬೆರಳಿನ ಅಚ್ಚು ಹೊತ್ತು ಕೆಂಪಗೆ ಕೂತಿದ್ದವು. ಗುಲಾಬಬಿ ಬೆನ್ನ ಮೇಲೆ ಒಂದು ಕೊಟ್ಟು, "ಎಳಿಗೆ ಕಾಲಿಲ್ಲ, ಅದು ನಡಕೊಂಡ ಹೋಗಿ ಬಣ್ಣ ಹಚ್ಚಂಗಿಲ್ಲ. ನಿನ್ನ ಬೆರಳ ಹಚ್ಚಿತು. ಕೈ ಒರಸಿಕೊಳ್ಳಾಕ ಏನ್ ಧಾಡಿ?" ಎಂದಿದ್ದಳು.

ಯಂತ್ರದ ಮಗ್ಗ ಬಂತು, ಕೊಂಡಿಯ ಕೆಲಸ ಕಡಿಮೆಯಾಯಿತು. ಗಂಡ ಖಾಸಿಂಸಾಬ ಗ್ರಾನೈಟ್ ಕಲ್ಲಿಗೆ ಹೊಳಪು ಕೊಡುವ ಕಾರ್ಖಾನೆಯಲ್ಲಿ ಧೂಳು ಕುಡಿದು ಕುಡಿದು, ನಲವತ್ತು ತುಂಬುವ ಮೊದಲೇ ಕೆಮ್ಮಿ ಸತ್ತ. ಅಬೇದಾ ಮಗಳು ಆಫ್ರೀನಳನ್ನು ಕಟ್ಟಿಕೊಂಡು ಬಾಗಲಕೋಟೆ ನವನಗರಕ್ಕೆ ಬಂದು ಒಂದು ಖಾಸಗಿ ದವಾಖಾನೆಯಲ್ಲಿ ಆಯಾ ಆದಳು. ಈಗ ಮಗಳು ಬಾದಾಮಿಯಲ್ಲಿ ಗಂಡನ ಮನೆಯಲ್ಲಿದ್ದಾಳೆ. ಅಬೇದಾಳಿಗೆ ಐವತ್ತೊಂದು. ವಾರ್ಡಿನಲ್ಲಿ ಹತ್ತೊಂಬತ್ತನೇ ವರ್ಷ.

ಆಯಾ ಎಂದರೆ ಏನು ಕೆಲಸ ಎಂದು ಯಾರೂ ಕೇಳುವುದಿಲ್ಲ, ಯಾಕೆಂದರೆ ಯಾರೂ ಮಾಡಲಾರದ್ದೆಲ್ಲ ಅವಳ ಕೆಲಸ. ಹೇಲು ಉಚ್ಚೆ ಎತ್ತುವುದು, ರಕ್ತದ ಬಟ್ಟೆ ಒಯ್ಯುವುದು, ನೆಲ ಒರೆಸುವುದು, ಡ್ರೆಸಿಂಗ್ ಮಾಡುವಾಗ ಕಾಲು ಎತ್ತಿ ಹಿಡಿಯುವುದು. ಮೂವತ್ತೆರಡು ಹಾಸಿಗೆಗೆ ಇಬ್ಬರು ಆಯಾ. ಗ್ಲೌಸಿನ ಡಬ್ಬಿ ಬೀರುವಿನಲ್ಲಿ, ಬೀರುವಿನ ಕೀಲಿ ಆಫೀಸಿನಲ್ಲಿ. ಕೈ ತೊಳೆಯುವ ತೊಟ್ಟಿಯ ಮೇಲೆ ಏಳು ಹಂತದಲ್ಲಿ ಕೈ ತೊಳೆಯುವ ಬಣ್ಣದ ಚಿತ್ರ ಅಂಟಿಸಿದ್ದರು. ಚಿತ್ರದ ಕೆಳಗೆ ಸಾಬೂನು ಇರಲಿಲ್ಲ. ಡ್ರೆಸಿಂಗ್ ಗಾಡಿ ಒಂದನೇ ಹಾಸಿಗೆಯಿಂದ ಹೊರಟು ಮೂವತ್ತೆರಡಕ್ಕೆ ಮುಟ್ಟುತ್ತಿತ್ತು, ಅದೇ ಬೋಗುಣಿ, ಅದೇ ಕೈ.

ಇದಲ್ಲದೆ ಯಾರೂ ಕೊಡದ ಇನ್ನೊಂದು ಕೆಲಸ ಅವಳಿಗಿತ್ತು. ಡಾಕ್ಟರು ಬೆಳಿಗ್ಗೆ ಬಂದು ಅರ್ಧ ಇಂಗ್ಲಿಷಿನಲ್ಲಿ ಏನೋ ಹೇಳಿ ಮುಂದಿನ ಹಾಸಿಗೆಗೆ ಹೋಗುತ್ತಿದ್ದರು. ಅವರ ಬೆನ್ನು ತಿರುಗಿದ ಕೂಡಲೇ ರೋಗಿಯ ಕಡೆಯವರು ಅಬೇದಾಳ ಸೆರಗು ಹಿಡಿಯುತ್ತಿದ್ದರು: "ಏನಂದ್ರವಾ ಡಾಕ್ಟರು?" ಅವಳು ಬಿಡಿಸಿ ಹೇಳುತ್ತಿದ್ದಳು. ಓದಿದ್ದು ಉರ್ದು ಸಾಲಿಯಲ್ಲಿ ನಾಲ್ಕನೇ ಇಯತ್ತೆ. ಕನ್ನಡ ಕೂಡಿಸಿ ಓದುತ್ತಾಳೆ, ಇಂಗ್ಲಿಷ್ ಬಾರದು. ಆದರೂ ಹತ್ತೊಂಬತ್ತು ವರ್ಷ ಅವಳು ಬಿಡಿಸಿ ಹೇಳಿದ್ದು ತಪ್ಪಾಗಿರಲಿಲ್ಲ, ಅಥವಾ ತಪ್ಪಾಗಿದ್ದು ಅವಳಿಗೆ ಗೊತ್ತಾಗಿರಲಿಲ್ಲ. ಅವಳ ಸೊಕ್ಕು ಏನಾದರೂ ಇದ್ದರೆ ಅದೊಂದೇ. ಪೆಟ್ಟು ಬಿದ್ದದ್ದೂ ಅಲ್ಲೇ.

ಏಳನೇ ಹಾಸಿಗೆಯಲ್ಲಿ ಹುಲ್ಲಪ್ಪ ಇದ್ದ. ಹುನಗುಂದದ ಕಡೆ ಮರೋಳದವನು, ನಲವತ್ತಾರು ವರ್ಷ, ಎಂಬತ್ತು ಕುರಿಯ ಒಡೆಯ. ಕುರಿ ಹೊಡೆದುಕೊಂಡು ಹೆದ್ದಾರಿ ದಾಟುವಾಗ ಮೋಟಾರ್ ಸೈಕಲ್ ಬಂದು ಬಡಿದಿತ್ತು. ಮೊಣಕೈ, ಭುಜ, ಮೊಣಕಾಲು, ಅಂಗೈ, ಎಡಪಾದ, ಐದು ಕಡೆ ಗಾಯ. ಪಾದದ ಎಲುಬು ಮುರಿದಿತ್ತು, ತಂತಿ ಹಾಕಿದ್ದರು. ತಂತಿ ಹಾಕಿದ ಆರನೇ ದಿನಕ್ಕೆ ಪಾದ ಕೀವು ಬಿಟ್ಟಿತು. ಸೂಜಿಯ ಔಷಧ ಬದಲಿಸಿದರು, ಮತ್ತೆ ಬದಲಿಸಿದರು, ನಾಟಲಿಲ್ಲ. ಒಂದು ಬುಧವಾರ ಕೀವನ್ನು ಹತ್ತಿಯ ಕಡ್ಡಿಗೆ ಹಚ್ಚಿ ಲ್ಯಾಬಿಗೆ ಕಳಿಸಿದರು.

ಹೆಂಡತಿ ರಾಮವ್ವ ಹಾಸಿಗೆಯ ಬುಡದಲ್ಲೇ ಕೂತು ಅಬೇದಾ ದಾಟಿದಾಗೊಮ್ಮೆ ಕೇಳುತ್ತಿದ್ದಳು: "ಅಬೇದವ್ವಾ, ಗಾಯ ಆರ್ತಾವೇನ?"

"ಆರ್ತಾವ ತಗೋ. ಕುಂತ ಕೇಳಿದ್ರ ಲಗೂನ ಆರ್ತಾವೇನು?"

ಹುಲ್ಲಪ್ಪ ಮಲಗಿದಲ್ಲಿಂದಲೇ, "ಆಕಿ ಕೇಳೂದು ಗಾಯ ಆರಾಕಲ್ಲ. ಊರಾಗ ಕುರಿ ತಮ್ಮನ ಕೈಯಾಗ ಅದಾವ, ಅವು ಉಳದಿರ್ತಾವೋ ಇಲ್ಲೋ ಅನ್ನೂದು ಆಕಿ ಚಿಂತಿ" ಎನ್ನುತ್ತಿದ್ದ.

ಶನಿವಾರ ಮಧ್ಯಾಹ್ನ ಅಬೇದಾ ಲ್ಯಾಬಿಗೆ ಕಾಗದ ತರಲು ಹೋದಳು. ಅವಳನ್ನು ಚಿಕ್ಕಮ್ಮನೆಂದು 'ಖಾಲಾ' ಅನ್ನುವ ಲ್ಯಾಬಿನ ಹುಡುಗ ಮತೀನ ಯಂತ್ರದ ಮುಂದೆ ಬಗ್ಗಿ ಕೂತಿದ್ದ.

"ಏಳನೇ ಹಾಸಿಗಿದು ಏನ್ ಬಂತೋ?"

ಮತೀನ ತಲೆ ಎತ್ತದೆ ಹೇಳಿದ: "ಒಂದು ಬಿಟ್ಟು ಎಲ್ಲಾ ಆರ್ ಬಂದಾವ ಖಾಲಾ."

ಐದು ಗಾಯದಲ್ಲಿ ಒಂದು ಬಿಟ್ಟು ಎಲ್ಲಾ ಆರಿ ಬಂದಿವೆ. ಅಬೇದಾಳಿಗೆ ಕೇಳಿದ್ದು ಇದು. ಇದರಲ್ಲಿ ಸಂಶಯಕ್ಕೆ ಜಾಗವೂ ಇರಲಿಲ್ಲ. ಮೊಣಕೈ, ಭುಜ, ಮೊಣಕಾಲು, ಅಂಗೈ ಖರೆಯಾಗಿ ಆರಿದ್ದವು, ಅವಳೇ ಬೆಳಿಗ್ಗೆ ನೋಡಿದ್ದಳು. ಕಾಗದವನ್ನು ಫೈಲಿಗೆ ಸಿಕ್ಕಿಸಿ ಏಳನೇ ಹಾಸಿಗೆಗೆ ಹೋದಳು.

"ತಗೋ ರಾಮವ್ವ. ಒಂದು ಬಿಟ್ಟು ಎಲ್ಲಾ ಆರ್ಯಾವಂತ. ಲ್ಯಾಬಿನಾವ್ರ ಹೇಳಿದ್ರು."

"ಆ ಒಂದೂ?"

"ಅದೂ ಆರ್ತೈತಿ. ನಾಕು ಆರಿದ್ದು ಐದನೇದು ಬಿಡ್ತೈತೇನು?"

ರಾಮವ್ವ ಊರಿಗೆ ಫೋನು ಹಚ್ಚಿಸಿದಳು, ನಾಲ್ಕು ಗಂಟೆಗೆ ಹುಲ್ಲಪ್ಪನ ತಮ್ಮ ಲಕ್ಷ್ಮಣ ಟಂಟಂ ಆಟೋ ತಂದು ನಿಲ್ಲಿಸಿದ. ದೊಡ್ಡ ಡಾಕ್ಟರು ಶಿವಪ್ರಕಾಶ ಸೋಮವಾರಕ್ಕೆ ಬರುವವರು. ಉಳಿದವರಿಗೆ ತಡೆಯುವ ಉಮೇದು ಇರಲಿಲ್ಲ, ಹೊರಗೆ ಹಾಸಿಗೆಗಾಗಿ ಜನ ಕಾದಿದ್ದರು. ಸ್ವಂತ ಇಚ್ಛೆಯಿಂದ ಹೋಗುತ್ತೇವೆ ಎಂಬ ಕಾಗದಕ್ಕೆ ರಾಮವ್ವ ಹೆಬ್ಬೆಟ್ಟು ಒತ್ತಿದಳು. ಹೋಗುವಾಗ ಅಬೇದಾಳ ಗಲ್ಲ ಮುಟ್ಟಿ ಲಟಿಗೆ ಮುರಿದು ಹೋದಳು.

ಸೋಮವಾರ ಬೆಳಿಗ್ಗೆ ಶಿವಪ್ರಕಾಶ ಏಳನೇ ಹಾಸಿಗೆಯ ಮುಂದೆ ನಿಂತರು. ಅದರಲ್ಲಿ ಬೇರೆ ಯಾರೋ ಮಲಗಿದ್ದರು. ಫೈಲು ತರಿಸಿ ತೆರೆದರು.

"ಇದು ಪೂರಾ ಆರ್ ಐತಲ್ಲ! ಈ ಮನಷ್ಯಾನ್ನ ಯಾರು ಮನಿಗೆ ಕಳಿಸಿದ್ರು?"

ನೆಲ ಒರೆಸುತ್ತಿದ್ದ ಅಬೇದಾ ಎದ್ದು ನಿಂತಳು. "ಆರಿದ್ರ ಚಲೋ ಅಲ್ಲೇನ್ರಿ ಸರ?"

ಸಿಸ್ಟರ್ ಭಾಗ್ಯಜ್ಯೋತಿ ಕಿಸಕ್ಕನೆ ನಕ್ಕು, ಡಾಕ್ಟರ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ಶಿವಪ್ರಕಾಶ ನಗಲಿಲ್ಲ. ಕಾಗದವನ್ನು ಅವಳ ಮುಂದೆ ಹಿಡಿದರು.

"ಇವು ಹದಿನಾಲ್ಕು ಔಷಧದ ಹೆಸರು. ಗಾಯದಾಗಿನ ಹುಳಕ್ಕ ಒಂದೊಂದ ಔಷಧ ಹಾಕಿ ನೋಡ್ತಾರ. ಆರ್ ಅಂದ್ರ ಈ ಹುಳ ಆ ಔಷಧಕ್ಕ ಸಾಯಂಗಿಲ್ಲ. ಹದಿಮೂರಕ್ಕ ಆರ್. ಕಡೀದೊಂದಕ್ಕ ಎಸ್. ಅದೊಂದಕ್ಕ ಸಾಯ್ತೈತಿ. ಅದನ್ನ ಇವತ್ತ ಚಾಲೂ ಮಾಡಿದ್ರ ಕಾಲು ಉಳಿಬಹುದು. ಎಲುವಿನಾಗ ಇಳದು ಮ್ಯಾಲ ಏರ್ತಂದ್ರ ಮೊಣಕಾಲತನ ಕತ್ತರಿಸಬೇಕು. ಕುರಿ ಕಾಯಾವಗ ಕಾಲಿಲ್ಲಂದ್ರ ಏನೈತಿ?"

ಭಾಗ್ಯಜ್ಯೋತಿ ಲಕ್ಷ್ಮಣನಿಗೆ ಫೋನು ಹಚ್ಚಿ ಸ್ಪೀಕರಿಗೆ ಇಟ್ಟಳು. ವಾಪಸು ಕರೆತನ್ನಿ, ರಿಪೋರ್ಟು ಚೆನ್ನಾಗಿಲ್ಲ ಎಂದಳು.

"ಎಲ್ಲಾ ಆರ್ಯಾವಂತ ಹೇಳಿ ಕಳಿಸಿ, ಎರಡ ದಿನಕ್ಕ ಕೆಟ್ಟತೇನ್ರಿ?"

"ಹಂಗಂತ ಯಾರ್ ಹೇಳಿದ್ರು?"

"ನಿಮ್ಮ ಆಯಾಬಾಯಿ. ಆಕಿ ಸುಳ್ಳ ಹೇಳೂಕಿ ಅಲ್ಲ. ಹಾಸಿಗಿ ಖಾಲಿ ಬಿದ್ದಾವಂತ ನೀವು ಕರಿಯಾಕತ್ತೀರಿ. ಇಡ್ರಿ ಫೋನ."

ಮತ್ತೆ ಹಚ್ಚಿದರೆ ಎತ್ತಲಿಲ್ಲ. ಭಾಗ್ಯಜ್ಯೋತಿ ಅಬೇದಾಳ ಕಡೆ ತಿರುಗಿದಳು. ಬಾದಾಮಿ ಹತ್ತಿರದ ಚೊಳಚಗುಡ್ಡದ ಹುಡುಗಿ, ಕೆಟ್ಟವಳಲ್ಲ. "ಅಬೇದಕ್ಕಾ, ಹೆಬ್ಬಟ್ಟ ಒತ್ತಿ ಹೋಗ್ಯಾರ. ನಿನ್ನ ಮ್ಯಾಲ ಏನೂ ಬರಂಗಿಲ್ಲ" ಎಂದಳು.

"ನನ್ನ ಮ್ಯಾಲ ಬರೂದ ಬಿಡವಾ. ಅವನ ಕಾಲಿನ ಮ್ಯಾಲ ಬಂದೈತಲ್ಲ." ಅಬೇದಾ ಒರೆಸುವ ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದಳು. "ಆ ಕಾಗದದ ಝೆರಾಕ್ಸ್ ಒಂದು ತಗಸಿ ಕೊಡು. ಇವತ್ತ ನನಗ ರಜಾ ಬರಿ."

ಹುನಗುಂದದ ಬಸ್ಸಿನಲ್ಲಿ ಕಿಟಕಿ ಕಡೆ ಸೀಟು ಸಿಕ್ಕಿತು. ಕಾಗದ ಬಿಚ್ಚಿಕೊಂಡು ನೋಡಿದಳು. ಆರ್ ಹೊಟ್ಟೆ ಬಿಟ್ಟುಕೊಂಡು ಕಾಲು ಚಾಚಿ ನಿಂತ ಗಂಡಸಿನ ಹಾಗಿತ್ತು, ಒಬ್ಬರ ಕೆಳಗೊಬ್ಬರು ಹದಿಮೂರು ಮಂದಿ. ಎಸ್ ಕಡೆಯಲ್ಲಿ ಒಂಟಿ, ತಿರುವಿ ಬಿಟ್ಟ ನೂಲಿನ ಕೊಂಡಿಯ ಹಾಗೆ. ಹತ್ತೊಂಬತ್ತು ವರ್ಷ ಇಂಥ ಎಷ್ಟು ಕಾಗದ ಹೊತ್ತಿದ್ದಾಳೆ. ಒಳಗೆ ಏನಿದೆ ಎಂದು ಅವಳೂ ಕೇಳಲಿಲ್ಲ, ಹೇಳಬೇಕು ಎಂದು ಯಾರಿಗೂ ಅನ್ನಿಸಲಿಲ್ಲ. ಹೊರುವವಳಿಗೆ ಯಾಕೆ ಬೇಕು? ಅವಳು ಅತ್ತಳು ಎಂದು ಬರೆದರೆ ಸುಳ್ಳಾಗುತ್ತದೆ. ಮರೋಳಕ್ಕೆ ಹುನಗುಂದದಿಂದ ಎಷ್ಟು ಗಂಟೆಗೆ ಗಾಡಿ ಸಿಕ್ಕೀತು ಎಂದಷ್ಟೇ ಯೋಚಿಸುತ್ತಿದ್ದಳು.

ಹುಲ್ಲಪ್ಪ ಮನೆಯ ಮುಂದೆ ಬೇವಿನ ನೆರಳಿಗೆ ಹೊರಸಿನ ಮೇಲೆ ಮಲಗಿದ್ದ. ಪಾದದ ಪಟ್ಟಿ ಬಿಚ್ಚಿ, ಬೀರಪ್ಪನ ಗುಡಿಯ ಭಂಡಾರದ ಅರಿಶಿನ ಹಚ್ಚಿದ್ದರು. ಗಾಯವೆಲ್ಲ ಹಳದಿ.

ರಾಮವ್ವ ಓಡಿ ಬಂದಳು. "ಬಾ ಅಬೇದವ್ವಾ! ನೋಡ ಬಾ, ಐದನೇದೂ ಆರಾಕ ಹತ್ತೈತಿ. ಮ್ಯಾಲ ಒಣಗೇತಿ."

ಅಬೇದಾ ಕೂಡುವ ಮೊದಲು ನೀರು, ಸಾಬೂನು ಕೇಳಿ ಕೈ ತೊಳೆದಳು. ಪಾದದ ಮೇಲ್ಭಾಗ ಮುಟ್ಟಿದಳು, ರೊಟ್ಟಿಯ ಹಂಚಿನ ಹಾಗೆ ಕಾದಿತ್ತು. ಕಿರುಬೆರಳು, ಅದರ ಪಕ್ಕದ ಬೆರಳು ಕಪ್ಪಿಟ್ಟಿದ್ದವು. ಚಪ್ಪಟೆ ಹೆಬ್ಬೆರಳಿನಿಂದ ಗಾಯದ ಅಂಚನ್ನು ಮೆಲ್ಲಗೆ ಒತ್ತಿದಳು. ಒಣಗಿದ ಹಳದಿ ಬಿರಿದು ಒಳಗಿನಿಂದ ಕೀವು ಬಂತು.

ರಾಮವ್ವ ಬಗ್ಗಿ ನೋಡಿದಳು.

"ನಾ ತಪ್ಪ ಹೇಳೇನಿ ರಾಮವ್ವ," ಎಂದಳು ಅಬೇದಾ. "ಲ್ಯಾಬಿನಾವ ಆರ್ ಅಂದಾ. ನಾ ಆರ್ಯಾವ ಅಂತ ತಿಳಕೊಂಡೆ. ಅದು ಇಂಗ್ಲೀಷಿನ ಅಕ್ಷರ. ಔಷಧಕ್ಕ ಹುಳ ಸಾಯಂಗಿಲ್ಲ ಅಂತ ಅದರ ಅರ್ಥ. ಇದು ಆರೂ ಆರ್ ಅಲ್ಲ, ಆರದ ಆರ್."

ಕುರಿದೊಡ್ಡಿಯ ಕಡೆಯಿಂದ ಲಕ್ಷ್ಮಣ ಬಂದ. "ಮುಂಜಾನೆ ಸಿಸ್ಟರ್ ಫೋನ್ ಮಾಡಿದ್ಲು, ಈಗ ನಿನ್ನ ಕಳಿಸ್ಯಾರೇನು? ಎಷ್ಟ ಮಂದಿನ್ನ ಕರಕೊಂಡ ಬಾ ಅಂದಾರ?"

"ನನ್ನ ಯಾರೂ ಕಳಿಸಿಲ್ಲೋ. ರಜಾ ಬರದ ಬಂದೇನಿ."

"ಶನಿವಾರ ಆರೇತಿ, ಸೋಮವಾರ ಆರಿಲ್ಲ. ನಿಮ್ಮ ಯಾವ ಮಾತ ಹಿಡೀಬೇಕ ನಾವು?"

ಲಕ್ಷ್ಮಣ ಕೇಳಬೇಕಾದ್ದನ್ನೇ ಕೇಳಿದ್ದ. ಅಬೇದಾ ಝೆರಾಕ್ಸ್ ಬಿಚ್ಚಿ ಹೊರಸಿನ ಮೇಲಿಟ್ಟಳು. ಹುಲ್ಲಪ್ಪ ಅದನ್ನೆತ್ತಿ ತಿರುವಿ ಮುರುವಿ ನೋಡಿದ.

"ಇಂಗ್ಲೀಷಿನ್ಯಾಗ ಆರಿದ್ರ ಕನ್ನಡದಾಗ ಆರಂಗಿಲ್ಲೇನವಾ?" ಎಂದು ನಕ್ಕ. ಮೈಯಲ್ಲಿ ಜ್ವರವಿತ್ತು, ಆದರೂ ನಕ್ಕ. ಆಮೇಲೆ ಕೇಳಿದ: "ಹದಿಮೂರು ಔಷಧ ಹಾಕಿದ್ರೂ ಸಾಯಂಗಿಲ್ಲ?"

"ಸಾಯಂಗಿಲ್ಲ."

"ಲೇ ಲಕ್ಷ್ಮಣಾ, ಉಣ್ಣಿ ನೆನಪ ಐತಿಲ್ಲ?"

ಹುಲ್ಲಪ್ಪ ಅಬೇದಾಳ ಕಡೆ ತಿರುಗಿ ಹೇಳಿದ: "ಕುರಿಗೆ ಉಣ್ಣಿ ಹತ್ತಿದ್ರ ಒಂದ ಔಷಧ ಹೊಡೀತೀವಿ. ಮೊದಲ್ನೇ ವರ್ಷ ಹೊಡದ್ರ ಪಟಪಟ ಉದುರಿದ್ವು. ಉಳದದ್ದು ನಾಕೋ ಐದೋ. ಮರುವರ್ಷ ಔಷಧಕ್ಕ ನೀರ ಬೆರಸಿ ಹೊಡದ ಇವ. ಅರ್ಧ ಉದುರಿದ್ವು. ಮೂರನೇ ವರ್ಷ ಅದರಾಗ ಜಳಕ ಮಾಡಿ ಮತ್ತ ಕುರಿ ಏರಿ ಕುಂತ್ವು. ಸಾಯದ ಉಳದಾವಲ್ಲ, ಅವುಕ್ಕ ಹುಟ್ಟಿದ್ದ ಅವೆಲ್ಲ." ಕಾಲಿನ ಕಡೆ ಕೈ ಮಾಡಿದ. "ಹಂಗಾರ ಇಲ್ಲಿ ಕುಂತಾವು ಮೂರನೇ ವರ್ಷದಾವು."

ಹತ್ತೊಂಬತ್ತು ವರ್ಷದಲ್ಲಿ ಯಾವ ಡಾಕ್ಟರೂ ಅಬೇದಾಳಿಗೆ ಇಷ್ಟು ಬಿಡಿಸಿ ಹೇಳಿರಲಿಲ್ಲ.

"ಮತ್ತ ಆ ಕಡೀದೇನದು?" ಎಂದು ಹುಲ್ಲಪ್ಪ ಎಸ್ ಮೇಲೆ ಬೆರಳಿಟ್ಟ.

"ಅದೊಂದಕ್ಕ ಸಾಯ್ತಾವಂತ. ಇವತ್ತ ಚಾಲೂ ಮಾಡಿದ್ರ ಕಾಲ ಉಳಿಬಹುದಂತ. ಉಳದ ಉಳೀತೈತಿ ಅಂತ ನಾ ಹೇಳಂಗಿಲ್ಲ. ಒಮ್ಮೆ ಹೇಳಿ ಕೆಟ್ಟೇನಿ."

ಹುಲ್ಲಪ್ಪ ತಮ್ಮನ ಕಡೆ ನೋಡಿದ. "ಟಂಟಂ ತಿರುವಲೇ. ಶನಿವಾರದ ಮಾತು ಹೇಳಾಕ ಆಕಿ ಹಾಸಿಗಿತನಕ ಬಂದಿದ್ಲು. ಇದನ್ನ ಹೇಳಾಕ ಮರೋಳತನಕ ಬಂದಾಳ. ಇದನ್ನ ಹಿಡಿ."

ಹೊತ್ತು ಮುಳುಗುವ ಮೊದಲು ಬಾಗಲಕೋಟೆ ಮುಟ್ಟಿದರು. ಆ ಸಂಜೆಯೇ ಎಸ್ ಔಷಧದ ಮೊದಲ ಬಾಟ್ಲಿ ಹನಿಯತೊಡಗಿತು. ಮೂತ್ರಪಿಂಡಕ್ಕೆ ಭಾರವಾಗುವ ಔಷಧವಂತೆ, ದಿನ ಬಿಟ್ಟು ದಿನ ರಕ್ತ ನೋಡಬೇಕು. ಮರುದಿನ ಕಪ್ಪಿಟ್ಟಿದ್ದ ಎರಡು ಬೆರಳು ತೆಗೆದರು. ಶನಿವಾರವೇ ಔಷಧ ಚಾಲೂ ಆಗಿದ್ದರೆ ಬೆರಳು ಉಳಿಯುತ್ತಿದ್ದವೇ ಎಂದು ಅಬೇದಾ ಕೇಳಿದಳು. "ಹೇಳಾಕ ಬರೂದಿಲ್ಲ" ಎಂದರು ಶಿವಪ್ರಕಾಶ. ಆ ಉತ್ತರವನ್ನು ಅವಳು ಹಾಗೇ ಇಟ್ಟುಕೊಂಡಳು, ತನಗೆ ಬೇಕಾದ ಹಾಗೆ ತಿರುವಿಕೊಳ್ಳಲಿಲ್ಲ.

ಶಿವಪ್ರಕಾಶ ಫೈಲಿನಲ್ಲಿ ಬರೆಯುತ್ತ ಗಟ್ಟಿಯಾಗಿ ಹೇಳಿದರು: "ಭಂಡಾರ ಹಚ್ಚಿ ಗಾಯ ಕೆಡಿಸ್ಯಾರ, ಅಂತ ಬರಕೋ ಸಿಸ್ಟರ್."

ಅಬೇದಾ ಬಕೆಟ್ಟು ಕೆಳಗಿಟ್ಟಳು. "ಸರ, ಕೀವು ಒಯ್ದದ್ದು ಬುಧವಾರ. ಭಂಡಾರ ಹಚ್ಚಿದ್ದು ಶನಿವಾರ. ಕಾಗದದಾಗ ಇದ್ದ ಹುಳ ಊರಿಂದ ಬಂದದ್ದಲ್ಲ."

"ಮತ್ತೆಲ್ಲಿಂದ ಬಂತು?"

"ನಾಕನೇ ಹಾಸಿಗಿ ಮುದುಕ ಹೋದ ತಿಂಗಳ ಹಿಂಗ ಕೀವ ಬಿಟ್ಟ ಹ್ವಾದ. ಆಮ್ಯಾಲ ಆರನೇದಕ್ಕ ಬಂತು. ಆಮ್ಯಾಲ ಏಳನೇದಕ್ಕ. ಗಾಡಿ ಹಂಗ ಹೋಗ್ತೈತ್ರಿ, ನಾಕು, ಐದು, ಆರು, ಏಳು. ಹುಳಕ್ಕ ಕಾಲಿಲ್ಲ. ನಮ್ಮ ಕೈ ಹಿಡಕೊಂಡ ಬಂದೈತಿ. ನನ್ನ ಕೈ, ಸಿಸ್ಟರ್ ಕೈ..." ಸ್ವಲ್ಪ ತಡೆದು ಮುಗಿಸಿದಳು, "ನಿಮ್ಮ ಕೈನೂ."

ಭಾಗ್ಯಜ್ಯೋತಿಯ ಪೆನ್ನು ನಿಂತಿತ್ತು. ಶಿವಪ್ರಕಾಶ ಹಿಂದಿನ ತಿಂಗಳ ನಾಲ್ಕನೇ ಹಾಸಿಗೆಯ ಫೈಲು ತರಿಸಿದರು, ಆರನೆಯದನ್ನೂ ತರಿಸಿದರು. ಮೂರೂ ಕಾಗದ ಪಕ್ಕಪಕ್ಕ ಇಟ್ಟರು. ಹದಿಮೂರು ಆರ್, ಒಂದು ಎಸ್. ಹದಿಮೂರು ಆರ್, ಒಂದು ಎಸ್. ಹದಿಮೂರು, ಒಂದು. ಮೂರು ಊರಿಗೆ ಓಡಾಡಿ ಆಪರೇಷನ್ ಮಾಡುವ ಮನುಷ್ಯ, ದಣಿದಿದ್ದರು. "ಆ ಸಾಲು ಬರೀಬ್ಯಾಡ ಸಿಸ್ಟರ್" ಎಂದರು.

ಅಷ್ಟಕ್ಕೆ ದವಾಖಾನೆ ಬದಲಾಯಿತೆಂದು ತಿಳಿಯಬೇಡಿ. ಬದಲಾದದ್ದು ಎರಡು. ಸಾಬೂನು ಇಡುವತನಕ ಡ್ರೆಸಿಂಗ್ ಗಾಡಿ ಮುಟ್ಟುವುದಿಲ್ಲ ಎಂದು ಅಬೇದಾ, ಇನ್ನೊಬ್ಬ ಆಯಾ ಚಂದವ್ವ ಒಂದು ಬೆಳಿಗ್ಗೆ ತೊಟ್ಟಿಯ ಕೆಳಗೆ ಕೂತರು. ಘೋಷಣೆ ಇಲ್ಲ, ಬೋರ್ಡು ಇಲ್ಲ, ಇಬ್ಬರು ಹೆಂಗಸರು ಎಲೆಅಡಿಕೆ ಹಾಕಿಕೊಂಡು ಕೂತರು. ಹನ್ನೊಂದು ಗಂಟೆಗೆ ಸಾಬೂನೂ ಬಂತು, ಬೀರುವಿನ ಕೀಲಿಯೂ ಬಂತು. ಎರಡನೆಯದು ಗಾಡಿಯ ದಾರಿ. ಈಗ ಅದು ಒಂದನೇ ಹಾಸಿಗೆಯಿಂದ ಹೊರಡುವುದಿಲ್ಲ. ಒಣಗಿದ ಗಾಯದವರು ಮೊದಲು, ಕೀವಿನವರು ಕಡೆಗೆ, ಆರ್ ಇದ್ದವರು ಎಲ್ಲರಿಗಿಂತ ಕಡೆಗೆ, ಅವರಿಗೆ ಬೇರೆ ಬೋಗುಣಿ. ನಡುವೆ ಕೈ ತೊಳೆಯದೆ ಯಾರಾದರೂ ಮುಂದೆ ಹೋದರೆ, ಅವರು ಡಾಕ್ಟರೇ ಇರಲಿ, ಅಬೇದಾ ದಾರಿಗೆ ಅಡ್ಡ ಬಕೆಟ್ಟು ಇಡುತ್ತಾಳೆ.

ಹುಲ್ಲಪ್ಪ ಈ ಸಲ ಮೂಲೆಯ ಹಾಸಿಗೆಯಲ್ಲಿದ್ದ. "ನನ್ನ ಪಾಳಿ ಕಡೀಕ ಬಿತ್ತಲ್ಲ, ರೋಗಬಿದ್ದ ಕುರಿನ ದೊಡ್ಡಿ ಹೊರಗ ಕಟ್ಟಿದಂಗ" ಎಂದು ಗೊಣಗುತ್ತಿದ್ದ.

"ಹಂಗ ಕಟ್ಟದಿದ್ರ ಏನಾಗ್ತೈತಿ?" ಎಂದು ಅಬೇದಾ ಕೇಳಿದರೆ, "ಗೊತ್ತೈತಿ ಬಿಡವಾ" ಎನ್ನುತ್ತಿದ್ದ.

ಐದು ವಾರದ ಮೇಲೆ ಮತ್ತೆ ಗಾಯದಿಂದ ಹತ್ತಿಯ ಕಡ್ಡಿ ಹೋಯಿತು. ಮೂರನೇ ದಿನ ಅಬೇದಾ ಲ್ಯಾಬಿನ ಬಾಗಿಲಲ್ಲಿ ನಿಂತಳು. ಮತೀನ ಯಂತ್ರದ ಮುಂದೆ ಬಗ್ಗಿಕೊಂಡೇ ಹೇಳಿದ: "ಏನೂ ಬೆಳದಿಲ್ಲ ಖಾಲಾ."

ಅಬೇದಾ ಹೋಗಲಿಲ್ಲ. ಒಳಗೆ ಬಂದು ಅವನ ಪಕ್ಕದ ಸ್ಟೂಲಿನ ಮೇಲೆ ಕೂತಳು.

"ತಲಿ ಎತ್ತು. ನನ್ನ ಮಾರಿ ನೋಡಿ ಹೇಳು. ಬೆಳದಿಲ್ಲ ಅಂದ್ರ ಚಲೋನೋ ಕೆಟ್ಟೋ?"

ಮತೀನ ತಲೆ ಎತ್ತಿದ. "ಚಲೋ ಖಾಲಾ. ಹುಳ ಬೆಳೀಲಿಲ್ಲ ಅಂತ. ಗಾಯದಾಗ ಹುಳ ಸಿಗಲಿಲ್ಲ."

"ಪೂರಾ ಸತ್ತಾವೇನು?"

"ಈ ಕಡ್ಡಿಗೆ ಸಿಕ್ಕಿಲ್ಲ. ಎಲುವಿನೊಳಗ ಇದ್ರ ಗೊತ್ತಾಗಾಕ ಇನ್ನ ದಿನ ಬೇಕು. ಔಷಧ ಬಿಡಬಾರ್ದು, ಡಾಕ್ಟರ್ ಹೇಳೂತನಕ."

"ಇನ್ನೊಮ್ಮೆ ಹೇಳು."

ಅವನು ಇನ್ನೊಮ್ಮೆ ಹೇಳಿದ. ಅವಳು ಪೂರ್ತಿ ಕೇಳಿ, ತಾನೊಮ್ಮೆ ಅವನಿಗೆ ತಿರುಗಿ ಒಪ್ಪಿಸಿ, ಕಾಗದ ಇಸಕೊಂಡು ಎದ್ದಳು.

ಮೂಲೆಯ ಹಾಸಿಗೆಯ ಹತ್ತಿರ ರಾಮವ್ವ ಎದ್ದು ನಿಂತಿದ್ದಳು. ಅಬೇದಾ ಮೊದಲು ಅರ್ಥ ಹೇಳಿದಳು, ಆಮೇಲೆ ಮಾತು ಹೇಳಿದಳು. "ಕಡ್ಡಿಗೆ ಹುಳ ಸಿಕ್ಕಿಲ್ಲ. ಒಳಗ ಇಲ್ಲಂತ ಇನ್ನೂ ಹೇಳಾಕ ಬರೂದಿಲ್ಲ. ಔಷಧ ಬಿಡೂ ಹಂಗಿಲ್ಲ. ಇದಕ್ಕ ಲ್ಯಾಬಿನಾವ್ರು 'ಏನೂ ಬೆಳದಿಲ್ಲ' ಅಂತಾರ. ನಾಳೆ ಬ್ಯಾರೆ ಯಾರರೇ ಬಂದು ಹಂಗಂದ್ರ ಎದಿ ಒಡಕೋಬ್ಯಾಡ್ರಿ."

ಹುಲ್ಲಪ್ಪ ಮೂರು ಬೆರಳಿನ ಎಡಪಾದವನ್ನು ಹಾಸಿಗೆಯ ಮೇಲೆ ಸ್ವಲ್ಪ ಆಡಿಸಿ ನೋಡಿದ. "ಏನೂ ಬೆಳದಿಲ್ಲಂದ್ರ ನಮ್ಮೂರಾಗ ಮಂದಿ ತಲಿ ಮ್ಯಾಲ ಕೈ ಹೊತ್ತ ಕೂಡ್ತಾರ. ಇಲ್ಲಿ ಪೇಡೆ ಹಂಚಬೇಕೇನು?"

"ಪೇಡೆ ಡಾಕ್ಟರ್ ಬಿಟ್ಟ ದಿನ. ಕಾಲ ಕೆಳಗ ಇಡಬ್ಯಾಡ ಈಗ," ಎಂದು ಅಬೇದಾ ಕಾಗದವನ್ನು ಫೈಲಿಗೆ ಸಿಕ್ಕಿಸಿ, ತೊಟ್ಟಿಯ ಕಡೆ ಕೈ ತೊಳೆಯಲು ಹೋದಳು.